ಹೋಂಡಾ ಸಿವಿಕ್ ಟೈಪ್ ಆರ್ (ಎಫ್‌ಎಲ್5): ಎಲೆಕ್ಟ್ರಿಕ್ ಕಾಲದಲ್ಲೂ ಇಟ್ಟುಕೊಳ್ಳಬಹುದಾದ ಪೆಟ್ರೋಲ್ ಕಾರು

ಬರೀ ಪಿಕಪ್‌ಗಾಗಿ ಕಾರು ಕೊಳ್ಳುವವರಿಗೆ ಟೈಪ್ ಆರ್ ಈಗ ಸರಿಯಾದ ಆಯ್ಕೆಯಲ್ಲ. ಸೊನ್ನೆಯಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಇದಕ್ಕೆ 5.4 ಸೆಕೆಂಡ್ ಬೇಕು. ಹ್ಯುಂಡೈನ ಎಲೆಕ್ಟ್ರಿಕ್ ಕಾರು ಅಯಾನಿಕ್ 5 ಎನ್ ಅದೇ ಕೆಲಸವನ್ನು 3.4 ಸೆಕೆಂಡ್‌ನಲ್ಲಿ ಮುಗಿಸುತ್ತದೆ, ಅದೂ ಕ್ಲಚ್ಚಿನ ಗೊಡವೆಯಿಲ್ಲದೆ, ಯಾರು ಕೂತು ಒತ್ತಿದರೂ. ನೇರ ರಸ್ತೆಯ ಓಟದಲ್ಲಿ ಪೆಟ್ರೋಲ್ ಸೋತಾಗಿದೆ. ಇದನ್ನು ಒಪ್ಪಿಕೊಂಡೇ ಮಾತು ಶುರು ಮಾಡುವುದು ಒಳ್ಳೆಯದು, ಏಕೆಂದರೆ ಈ ಕಾರಿನ ಬೆಲೆ ಇರುವುದು ಬೇರೆ ಕಡೆ.

ಮೊದಲನೆಯದು ತೂಕ. ಟೈಪ್ ಆರ್ ಸುಮಾರು 1,430 ಕಿಲೋ. ಅಯಾನಿಕ್ 5 ಎನ್ ಸುಮಾರು 2,200 ಕಿಲೋ. 47 ಲೀಟರ್ ಟ್ಯಾಂಕ್ ಪೂರ್ತಿ ತುಂಬಿಸಿದರೂ ಪೆಟ್ರೋಲಿನ ತೂಕ 35 ಕಿಲೋ ಆಸುಪಾಸು, ಓಡಿದಂತೆ ಅದೂ ಕರಗುತ್ತದೆ. ಬ್ಯಾಟರಿಯ ತೂಕ ಚಾರ್ಜ್ ಮುಗಿದರೂ ಅಷ್ಟೇ ಇರುತ್ತದೆ. ಅದೇ ವೇಗದಿಂದ ನಿಲ್ಲಿಸುವಾಗ ಒಂದೂವರೆ ಪಟ್ಟು ಭಾರದ ಗಾಡಿ ಒಂದೂವರೆ ಪಟ್ಟು ಶಕ್ತಿಯನ್ನು ಎಲ್ಲಾದರೂ ಇಳಿಸಲೇಬೇಕು. ಹ್ಯುಂಡೈನವರು ಮೋಟರ್‌ಗಳಿಂದಲೇ 0.6 ಜಿ (ಗುರುತ್ವಾಕರ್ಷಣೆಯ 0.6 ಪಟ್ಟು) ವರೆಗೆ ಬ್ರೇಕ್ ಹಿಡಿಸಿ ಇದನ್ನು ಚೆನ್ನಾಗಿಯೇ ಸಂಭಾಳಿಸಿದ್ದಾರೆ. ಆದರೂ ತಿರುವಿನಲ್ಲಿ ಆ ತೂಕವನ್ನು ಹೊರುವುದು ಟಯರ್ ಒಂದೇ. ಸಾಲು ಸಾಲು ತಿರುವುಗಳಿರುವ ರಸ್ತೆಯಲ್ಲಿ ಟೈಪ್ ಆರ್‌ನ ಮೂತಿ ಸ್ಟೇರಿಂಗ್ ಹೇಳಿದ ಕೂಡಲೇ ತಿರುಗುತ್ತದೆ, ಬ್ರೇಕ್ ಬಿಟ್ಟ ಮೇಲೆ ಗಾಡಿ ಒಂದೇ ಸಲಕ್ಕೆ ನೆಲೆಗೊಳ್ಳುತ್ತದೆ. ಮುಂದಿನ ಗಾಲಿಗಳಿಗೇ 420 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಹೋಗುತ್ತಿದ್ದರೂ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವುದಿಲ್ಲ. ಸ್ಟೇರಿಂಗ್ ತಿರುಗುವ ಅಕ್ಷವನ್ನು ಗಾಲಿಯ ನಡುವಿನ ಹತ್ತಿರಕ್ಕೆ ತಂದ ಡ್ಯುಯಲ್ ಆಕ್ಸಿಸ್ ಸ್ಟ್ರಟ್ ಮತ್ತು ಒಂದು ಗಾಲಿ ಜಾರಿದರೆ ಟಾರ್ಕನ್ನು ಇನ್ನೊಂದಕ್ಕೆ ಹಂಚುವ ಹೆಲಿಕಲ್ ಎಲ್‌ಎಸ್‌ಡಿ ಸೇರಿ ಮಾಡಿದ ಕೆಲಸ ಅದು.

ಎರಡನೆಯದು ಗೇರ್. ಈ ಕಾರಿಗೆ ಆರು ಗೇರಿನ ಮ್ಯಾನುವಲ್ ಬಿಟ್ಟರೆ ಬೇರೆ ಆಯ್ಕೆಯೇ ಇಲ್ಲ. ಎರಡರಿಂದ ಮೂರಕ್ಕೆ ಹಾಕುವಾಗ ಲಿವರ್ ನಡುವಿಗೆ ಬಂದು ತಾನಾಗಿ ದಾರಿ ಹಿಡಿಯುತ್ತದೆ. ಗೇರ್ ಕೂತಿತೋ ಇಲ್ಲವೋ ಎಂಬ ಅನುಮಾನ ಅಂಗೈಗೆ ಬರುವುದೇ ಇಲ್ಲ. ಅಯಾನಿಕ್‌ನಲ್ಲಿ ಎಂಟು ಗೇರುಗಳಿವೆಯೇನೋ ಎಂಬಂತೆ ಮೋಟರಿನ ಟಾರ್ಕ್ ಕಡಿದು, ಜೊತೆಗೆ ಎಂಜಿನ್‌ನಂಥ ಕೃತಕ ಸದ್ದನ್ನೂ ಕೊಡುವ ಎನ್ ಇ-ಶಿಫ್ಟ್ ಇದೆ. ಅದು ನಿಜಕ್ಕೂ ಉಪಯುಕ್ತ. ತಿರುವಿಗೆ ಎಷ್ಟು ವೇಗದಲ್ಲಿ ಬರುತ್ತಿದ್ದೇವೆ ಎಂದು ಮೀಟರ್ ನೋಡದೆ ಕಿವಿಯಿಂದಲೇ ಅಂದಾಜು ಸಿಗುತ್ತದೆ. ಆದರೆ ಕ್ಲಚ್ ತುಳಿದು, ಆರ್‌ಪಿಎಂ ಹೊಂದಿಸಿ, ಲಿವರ್ ಎಳೆಯುವ ಕೆಲಸವೇ ಬೇಕೆನ್ನುವವರಿಗೆ ಅದು ಸಾಲದು.

ಇನ್ನು ಎಂಜಿನ್. 1,996 ಸಿಸಿಯ ಕೆ20ಸಿ1, ಯುರೋಪಿನ ಲೆಕ್ಕದಲ್ಲಿ 329 ಪಿಎಸ್, ಪೂರ್ತಿ ಟಾರ್ಕ್ 2,600 ಆರ್‌ಪಿಎಂನಿಂದ. ಗಟ್ಟಿ ಎಂಜಿನ್ ಇದು, ಆದರೆ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಪೆಟ್ರೋಲ್‌ಗಳಿಗೆಲ್ಲ ಇರುವ ಕಾಯಿಲೆಗಳು ಇದಕ್ಕೂ ತಪ್ಪಿದ್ದಲ್ಲ, ಮತ್ತು ಅವುಗಳಲ್ಲಿ ಬಹುಪಾಲು ಬರುವುದು ಓಡಿಸುವ ರೀತಿಯಿಂದ.

ಅತ್ಯಂತ ಹಾನಿಕಾರಕ ಅಭ್ಯಾಸವೆಂದರೆ ಆರನೇ ಗೇರ್‌ನಲ್ಲಿ 1,500 ಆರ್‌ಪಿಎಂ ಇರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತುವುದು. ಕಡಿಮೆ ಆರ್‌ಪಿಎಂ, ಹೆಚ್ಚು ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಸೇರಿದಾಗ ಸಿಲಿಂಡರ್ ಗೋಡೆಯ ಆಯಿಲ್ ಹನಿಯೋ ಉದುರಿದ ಕಾರ್ಬನ್ ಚೂರೋ ಸ್ಪಾರ್ಕ್‌ಗೆ ಮೊದಲೇ ಮಿಶ್ರಣವನ್ನು ಹೊತ್ತಿಸಿಬಿಡುತ್ತದೆ. ಎಲ್‌ಎಸ್‌ಪಿಐ ಎನ್ನುವುದು ಇದಕ್ಕೇ. ಒಂದೇ ಏಟಿಗೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯಬಹುದು. ಎರಡು ಗೇರ್ ಇಳಿಸಿ ಒತ್ತಿ, ಅಷ್ಟೇ. ಆಯಿಲ್ ಡಬ್ಬಿಯ ಮೇಲೆ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಎಸ್‌ಪಿ ಅಥವಾ ಅದಕ್ಕಿಂತ ಹೊಸ ದರ್ಜೆ ಇರಲಿ. 2020ರಲ್ಲಿ ಬಂದ ಆ ದರ್ಜೆಗೆ ಎಲ್‌ಎಸ್‌ಪಿಐ ಪರೀಕ್ಷೆ ಕಡ್ಡಾಯ. ಕ್ಯಾಲ್ಸಿಯಂ ಡಿಟರ್ಜೆಂಟ್ ಹೆಚ್ಚಿದ್ದ ಹಳೆಯ ಆಯಿಲ್‌ಗಳು ಈ ತೊಂದರೆಯನ್ನು ಹೆಚ್ಚಿಸುತ್ತಿದ್ದವು.

ಕೂಲಂಟ್ ಬಿಸಿಯಾಯಿತೆಂದರೆ ಆಯಿಲ್ ಬಿಸಿಯಾಯಿತೆಂದು ಅರ್ಥವಲ್ಲ. ಕೂಲಂಟ್ ಮುಳ್ಳು ನಡುವಿಗೆ ಬಂದ ಎಷ್ಟೋ ನಿಮಿಷಗಳ ನಂತರ ಆಯಿಲ್ 80 ಡಿಗ್ರಿ ಮುಟ್ಟುತ್ತದೆ. ಅಲ್ಲಿಯವರೆಗೆ 3,500 ಆರ್‌ಪಿಎಂ ದಾಟಿಸದಿರುವುದು ಮೇಲು. ಜೋರಾಗಿ ಓಡಿಸಿದ ಮೇಲೆ ಕೊನೆಯ ಮೂರ್ನಾಲ್ಕು ಕಿಲೋಮೀಟರ್ ನಿಧಾನಕ್ಕೆ ಬನ್ನಿ. ಕೆಂಪಗೆ ಕಾದ ಟರ್ಬೊ ಇಟ್ಟುಕೊಂಡು ಎಂಜಿನ್ ನಿಲ್ಲಿಸಿದರೆ ಬೇರಿಂಗ್ ಹತ್ತಿರ ನಿಂತ ಆಯಿಲ್ ಸುಟ್ಟು ಕರಕಲಾಗುತ್ತದೆ, ಮುಂದೆ ಅದೇ ಆಯಿಲ್ ದಾರಿಯನ್ನು ಕಟ್ಟುತ್ತದೆ.

ದಿನಾ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವವರಿಗೆ ಈ ಕಾರು ಹೇಳಿ ಮಾಡಿಸಿದ್ದಲ್ಲ. ತಣ್ಣನೆಯ ಎಂಜಿನ್‌ಗೆ ಹೆಚ್ಚು ಪೆಟ್ರೋಲ್ ಹೋಗುತ್ತದೆ, ಸ್ವಲ್ಪ ಭಾಗ ಗೋಡೆ ಹಿಡಿದು ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುವ ಬದಲು ಏರಿದ್ದರೆ, ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ, ಸರ್ವೀಸ್ ದಿನಾಂಕಕ್ಕೆ ಕಾಯದೆ ಆಯಿಲ್ ಬದಲಿಸಿ. ಅಂಥ ಓಡಾಟದಲ್ಲಿ 8,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಯುರೋಪಿನ ಕಾರುಗಳಲ್ಲಿರುವ ಪೆಟ್ರೋಲ್ ಪಾರ್ಟಿಕ್ಯುಲೇಟ್ ಫಿಲ್ಟರ್‌ಗೂ ಇದೇ ಶತ್ರು. ಅದರೊಳಗಿನ ಮಸಿ ಉರಿಯಬೇಕಾದರೆ ಸುಮಾರು 600 ಡಿಗ್ರಿ ಶಾಖವೂ ಬೇಕು, ಆಮ್ಲಜನಕವೂ ಬೇಕು. ಎರಡೂ ಸಿಗುವುದು ಚೆನ್ನಾಗಿ ಕಾದ ಎಂಜಿನ್‌ನಲ್ಲಿ ಗೇರ್‌ನಲ್ಲಿದ್ದಂತೆಯೇ ಆಕ್ಸಿಲರೇಟರ್ ಬಿಟ್ಟಾಗ. ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿದರೆ ಈ ಎರಡು ತೊಂದರೆಗಳೂ ಬಹುಮಟ್ಟಿಗೆ ದೂರ.

ಇನ್‌ಟೇಕ್ ವಾಲ್ವ್‌ನ ಕಾರ್ಬನ್ ಮಾತ್ರ ಹೇಗೆ ಓಡಿಸಿದರೂ ಬರುತ್ತದೆ. ಪೆಟ್ರೋಲ್ ನೇರ ಸಿಲಿಂಡರ್‌ಗೇ ಹೋಗುವುದರಿಂದ ವಾಲ್ವ್‌ನ ಬೆನ್ನನ್ನು ತೊಳೆಯುವವರು ಯಾರೂ ಇಲ್ಲ. ಎಂಜಿನ್ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕ್‌ಗೆ ಕಳಿಸುವ ಪಿಸಿವಿಯಿಂದ ಬರುವ ಆಯಿಲ್ ಆವಿ ಅಲ್ಲೇ ಕೂತು ಗಟ್ಟಿಯಾಗುತ್ತದೆ. ಟ್ಯಾಂಕಿಗೆ ಸುರಿಯುವ ಕ್ಲೀನರ್ ಅಲ್ಲಿಗೆ ತಲುಪುವುದೇ ಇಲ್ಲ, ಆ ಕಾರಣಕ್ಕೆ ಅದಕ್ಕೆ ದುಡ್ಡು ಹಾಕಬೇಡಿ. 60,000ದಿಂದ 80,000 ಕಿ.ಮೀ. ನಡುವೆ ಮ್ಯಾನಿಫೋಲ್ಡ್ ಬಿಚ್ಚಿಸಿ, ಆಕ್ರೋಟು ಸಿಪ್ಪೆಯ ಪುಡಿ ಊದಿ ಶುಚಿ ಮಾಡಿಸುವುದೇ ದಾರಿ. ಆ ಹೊತ್ತಿಗೆ ವಾಲ್ವ್ ಪೂರ್ತಿ ಮುಚ್ಚಿದೆಯೇ ಎಂದು ಕೆಲಸದವರು ಪ್ರತಿ ಸಿಲಿಂಡರ್‌ಗೂ ನೋಡಿಕೊಳ್ಳಬೇಕು. ತೆರೆದ ವಾಲ್ವ್‌ಗೆ ಊದಿದರೆ ಪುಡಿ ಒಳಗೆ ಹೋಗುತ್ತದೆ.

ಪೆಟ್ರೋಲ್ 98 ಆಕ್ಟೇನ್ ಸಿಕ್ಕರೆ ಅದನ್ನೇ ಹಾಕಿ. 95ರಲ್ಲೂ ಓಡುತ್ತದೆ, ಆದರೆ ಪೆಟ್ರೋಲ್ ಅಕಾಲದಲ್ಲಿ ಸಿಡಿಯುವುದನ್ನು ಗುರುತಿಸುವ ನಾಕ್ ಸೆನ್ಸರ್ ಸ್ಪಾರ್ಕ್‌ನ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಬಿಸಿ ದಿನದಲ್ಲಿ ಪಿಕಪ್ ಮಂಕಾಗಿದ್ದು ಗೊತ್ತಾಗುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಎಥೆನಾಲ್ ಕಡಿಮೆ ಇರುವ ಪೆಟ್ರೋಲನ್ನು ಟ್ಯಾಂಕ್ ತುಂಬ ಹಾಕಿಡಿ, ಖಾಲಿ ಜಾಗ ಹೆಚ್ಚಿದ್ದಷ್ಟೂ ತೇವ ಸೇರುತ್ತದೆ.

ಬ್ರೇಕ್ ಚೆನ್ನಾಗಿದೆ: ಮುಂದೆ 350 ಮಿ.ಮೀ. ಡಿಸ್ಕ್, ಬ್ರೆಂಬೊ ನಾಲ್ಕು ಪಿಸ್ಟನ್ ಕ್ಯಾಲಿಪರ್. ಕೈಕೊಡುವುದು ಸಾಮಾನ್ಯವಾಗಿ ಫ್ಲೂಯಿಡ್. ಡಾಟ್ 4 ದರ್ಜೆಯ ಬ್ರೇಕ್ ಫ್ಲೂಯಿಡ್‌ನ ಕನಿಷ್ಠ ಕುದಿಬಿಂದು ಹೊಸದಾಗಿದ್ದಾಗ 230 ಡಿಗ್ರಿ, ತೇವ ಹೀರಿದ ಮೇಲೆ 155. ಪೆಡಲ್ ಒಮ್ಮೆಲೇ ಮೆತ್ತಗಾಗಿ ಕೆಳಗೆ ಹೋಗುವುದು ಈ ವ್ಯತ್ಯಾಸದಿಂದಲೇ. ರಸ್ತೆಗೆ ಎರಡು ವರ್ಷಕ್ಕೊಮ್ಮೆ, ಟ್ರ್ಯಾಕ್‌ಗೆ ಹೋಗುವವರು ಪ್ರತಿ ಋತುವಿಗೆ ಮೊದಲು ಬದಲಿಸಿ. ಸಿಲಿಕೋನ್‌ನ ಡಾಟ್ 5 ಇದಕ್ಕೆ ಹಾಕಲೇಬಾರದು. ಟ್ರ್ಯಾಕ್‌ನಿಂದ ಬಂದ ಕೂಡಲೇ ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಹಾಕದೆ ಗೇರ್‌ನಲ್ಲಿ ಬಿಟ್ಟು ಗಾಲಿಗೆ ಅಡ್ಡ ಕೊಡಿ. ಕಾದ ಡಿಸ್ಕ್‌ಗೆ ಪ್ಯಾಡ್ ಅಂಟಿದ ಗುರುತು ಉಳಿದರೆ ಆಮೇಲೆ ಪ್ರತಿ ಬ್ರೇಕಿಗೂ ಅದುರುತ್ತದೆ. 265/30 19 ಅಳತೆಯ ಟಯರ್‌ಗಳ ಒಳಅಂಚನ್ನು ಟಾರ್ಚ್ ಹಿಡಿದು ನೋಡಿ. ಹೊರಗಿನಿಂದ ಚೆನ್ನಾಗಿ ಕಂಡರೂ ಅಲ್ಲಿ ತಂತಿ ಕಾಣುವಷ್ಟು ಸವೆದಿರಬಹುದು.

ಒಪ್ಪದ ಸಂಗತಿಗಳೂ ಇವೆ. ಸೈಲೆನ್ಸರ್ ಸದ್ದು ಸಪ್ಪೆ; ಫಿಲ್ಟರ್ ಮತ್ತು ಸದ್ದಿನ ಮಿತಿ ಎರಡೂ ಸೇರಿ ಗಂಟಲು ಹಿಡಿದಿವೆ. ಹಿಂದೆ ಎರಡೇ ಸೀಟು. ಟಯರ್ ಸದ್ದು ದೂರ ಪ್ರಯಾಣದಲ್ಲಿ ಬೇಸರ ತರಿಸುತ್ತದೆ. ಅತಿ ಚುರುಕಿನ +ಆರ್ ಮೋಡ್‌ನ ಸಸ್ಪೆನ್ಷನ್ ಹಾಳು ರಸ್ತೆಗೆ ಅತಿ ಬಿಗಿ, ಹಾಗಾಗಿ ಇಂಡಿವಿಜುವಲ್ ಮೋಡ್‌ನಲ್ಲಿ ಎಂಜಿನ್ ಮಾತ್ರ +ಆರ್, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಕಂಫರ್ಟ್ ಇಟ್ಟುಕೊಳ್ಳುವುದೇ ಸರಿ.

ಮುಂದೇನು ಎಂಬ ಪ್ರಶ್ನೆಗೆ ಬಂದರೆ, ಈ ಜಾತಿಯ ಕಾರುಗಳು ಒಂದೊಂದಾಗಿ ಮರೆಯಾಗುತ್ತಿವೆ. ಫೋರ್ಡ್ ಫಿಯೆಸ್ಟಾ ಎಸ್‌ಟಿ, ರೆನೋ ಮೆಗಾನ್ ಆರ್‌ಎಸ್ 2023ರಲ್ಲಿ ನಿಂತವು, ಯುರೋಪಿನಲ್ಲಿ ಈ ಟೈಪ್ ಆರ್ ಮಾರಾಟ 2025ರಲ್ಲಿ ಮುಗಿಯಿತು. ಎಲ್ಲದಕ್ಕೂ ಹೊಗೆಯ ನಿಯಮವೇ ಕಾರಣವಲ್ಲ. ಪೋರ್ಶೆ 718 ಬಾಕ್ಸ್‌ಸ್ಟರ್, ಕೇಮನ್‌ಗಳ ಬಹುತೇಕ ಮಾದರಿಗಳು 2024ರಲ್ಲಿ ಯುರೋಪಿಯನ್ ಒಕ್ಕೂಟದ ಶೋರೂಮ್‌ಗಳಿಂದ ಹೊರಬಿದ್ದದ್ದು ಸೈಬರ್ ಸುರಕ್ಷತೆಯ ಹೊಸ ನಿಯಮಕ್ಕೆ ಅವುಗಳ ಹಳೆಯ ಎಲೆಕ್ಟ್ರಾನಿಕ್ಸ್ ಹೊಂದದೆ. ಕಾರುಗಳ ಇಂಗಾಲದ ಡೈಆಕ್ಸೈಡನ್ನು ಪೂರ್ತಿ ಇಳಿಸಬೇಕೆನ್ನುವ ಒಕ್ಕೂಟದ 2035ರ ನಿಯಮ ಅನ್ವಯಿಸುವುದು ಹೊಸ ಕಾರುಗಳಿಗೆ, ಈಗಾಗಲೇ ರಸ್ತೆಯಲ್ಲಿರುವವಕ್ಕಲ್ಲ, ಆ ಶೇ. 100 ಗುರಿಯನ್ನೂ ಶೇ. 90ಕ್ಕೆ ಇಳಿಸುವ ಪ್ರಸ್ತಾಪವನ್ನು ಯುರೋಪಿಯನ್ ಕಮಿಷನ್ 2025ರ ಡಿಸೆಂಬರ್‌ನಲ್ಲಿ ಮುಂದಿಟ್ಟಿದೆ. ಹೊಸದಾಗಿ ಬರುವ ವೇಗದ ಪೆಟ್ರೋಲ್ ಕಾರುಗಳಲ್ಲಿ ಬಹಳಷ್ಟು ಹೈಬ್ರಿಡ್ ಆಗಿರುತ್ತವೆ. ಪೋರ್ಶೆ 911 ಜಿಟಿಎಸ್‌ನಂತೆ 1.9 ಕಿಲೋವ್ಯಾಟ್ ಅವರ್‌ನ ಪುಟ್ಟ ಬ್ಯಾಟರಿಯಲ್ಲಿ ಮುಗಿಸಿದರೆ ಒಳ್ಳೆಯದು. ಮರ್ಸಿಡಿಸ್ ಎಎಂಜಿ ಸಿ63 ಹಾಗೆ ತೂಕ 2,100 ಕಿಲೋ ದಾಟಿದರೆ ಪೆಟ್ರೋಲ್ ಕಾರಿನ ದೊಡ್ಡ ಅನುಕೂಲವೇ ಕೈತಪ್ಪಿದಂತೆ.

ಹಾಗಾಗಿ ಈ ಕಾರನ್ನು ಹತ್ತು ಹದಿನೈದು ವರ್ಷ ಇಟ್ಟುಕೊಳ್ಳುವವರು ಪೆಟ್ರೋಲ್ ಸಿಗುತ್ತದೋ ಇಲ್ಲವೋ ಎಂದು ಚಿಂತಿಸುವುದಕ್ಕಿಂತ ಬಿಡಿಭಾಗಗಳ ಬಗ್ಗೆ ಯೋಚಿಸಬೇಕು. ಎಂಜಿನ್‌ಗೆ ಅಷ್ಟು ಭಯವಿಲ್ಲ. ಕೆ20ಸಿ1 ಏರಿಯಲ್ ಆಟಂ 4ರಲ್ಲೂ ಇದೆ, ರೇಸಿಂಗ್‌ನವರಿಗೆ ಹೋಂಡಾ ಇದನ್ನು ಬಿಡಿ ಎಂಜಿನ್ ಆಗಿಯೂ ಮಾರಿದೆ. ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್ ಮಾಡುವವರು ಬೇಕಾದಷ್ಟು ಜನ. ಸಿಗದೆ ಹೋಗುವುದು ಅಡಾಪ್ಟಿವ್ ಡ್ಯಾಂಪರ್, ಎಲೆಕ್ಟ್ರಿಕ್ ಸ್ಟೇರಿಂಗ್ ರ‍್ಯಾಕ್, ಡಿಸ್‌ಪ್ಲೇ, ಕ್ಯಾಮೆರಾ, ಹೆಡ್‌ಲೈಟ್ ಮಾಡ್ಯೂಲ್. ಇವುಗಳಲ್ಲಿ ಹಲವನ್ನು ಬೇರೆ ಕಾರಿನಿಂದ ಬಿಚ್ಚಿ ತಂದು ಸುಮ್ಮನೆ ಸಿಕ್ಕಿಸಲಾಗದು, ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಕ್ಯಾಲಿಬ್ರೇಟ್ ಮಾಡಿಸಬೇಕು.

ಸೆಕೆಂಡ್ ಹ್ಯಾಂಡ್ ನೋಡುವಾಗಲೂ ಇದೇ ಕ್ರಮ. ಎಂಜಿನ್ ತಣ್ಣಗಿರುವಾಗ ಹೋಗಿ, ನೀವೇ ಸ್ಟಾರ್ಟ್ ಮಾಡಿ, ತಣ್ಣನೆಯ ಗೇರ್‌ಬಾಕ್ಸ್‌ನಲ್ಲಿ ಎರಡನೇ ಗೇರಿಗೆ ಇಳಿಸಿ ಕಿರುಗುಟ್ಟುತ್ತದೆಯೇ ಕೇಳಿ. ರಿಮ್ಮಿನ ಒಳಮೈಯಲ್ಲಿ ಬಾಗು, ಬಿರುಕು ಹುಡುಕಿ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನ್ ಮಾಡಿಸಿದ್ದರೆ ಮೂಲ ಫೈಲ್ ಕೊಡುತ್ತಾರೆಯೇ ಎಂದು ಕೇಳಿ, ಇಲ್ಲವಾದರೆ ಬಿಟ್ಟುಬಿಡಿ. ನಾಲ್ಕೂ ಡ್ಯಾಂಪರ್‌ಗಳಲ್ಲಿ ಆಯಿಲ್ ಒಸರಿದ ಗುರುತಿದೆಯೇ ನೋಡಿ, ಮೋಡ್ ಬದಲಿಸಿದಾಗ ಬಿಗಿ ನಿಜವಾಗಿ ಬದಲಾಗುತ್ತದೆಯೇ ಎಂದು ಗುಂಡಿಯಿರುವ ರಸ್ತೆಯಲ್ಲೇ ಓಡಿಸಿ ತಿಳಿದುಕೊಳ್ಳಿ. ಕೊಂಡ ಮೇಲೆ ಮೊದಲು ಎತ್ತಿಡಬೇಕಾದ ಬಿಡಿಭಾಗವೂ ಒಂದು ಜೊತೆ ಮುಂದಿನ ಡ್ಯಾಂಪರ್‌ಗಳೇ. ಕ್ಲಚ್ ಸೆಟ್ ಆಮೇಲೆ ನೋಡಿಕೊಳ್ಳಬಹುದು.