ಸೈಟೇಶನ್ ಮಾರುವವರಿದ್ದಾರೆ, ಹುಷಾರು!

ಪ್ರಮೋಷನ್‌ಗೆ ಪೇಪರ್ ಬೇಕು ಅಂತ ಒದ್ದಾಡುತ್ತಿರುವ ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರದ ಅಧ್ಯಾಪಕರೆಲ್ಲ ದಯವಿಟ್ಟು ಓದಿ. ‘ಇಂಪ್ಯಾಕ್ಟ್ ಫ್ಯಾಕ್ಟರ್ 8.1, ಪೀರ್ ರಿವ್ಯೂಡ್, ಐಎಸ್‌ಎಸ್‌ಎನ್ ಇದೆ, ಸೈಟೇಶನ್ ಸಪೋರ್ಟ್ ಫ್ರೀ’ ಅಂತ ಯಾವುದೋ ಜರ್ನಲ್‌ನಿಂದ ವಾಟ್ಸಾಪ್ ಬಂದರೆ ದುಡ್ಡು ಕಟ್ಟಬೇಡಿ. (ಸೈಟೇಶನ್ ಅಂದರೆ ನಮ್ಮ ಪೇಪರನ್ನು ಬೇರೆಯವರು ತಮ್ಮ ಪೇಪರಿನಲ್ಲಿ ಉಲ್ಲೇಖಿಸುವುದು. ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಜರ್ನಲ್‌ನ ಲೇಖನಗಳಿಗೆ ಸರಾಸರಿ ಎಷ್ಟು ಉಲ್ಲೇಖ ಸಿಗುತ್ತದೆ ಅನ್ನುವ ಅಂಕಿ. ಪೀರ್ ರಿವ್ಯೂ ಅಂದರೆ ಪ್ರಕಟಿಸುವ ಮುಂಚೆ ಅದೇ ವಿಷಯದ ತಜ್ಞರು ಓದಿ ಪರೀಕ್ಷಿಸುವುದು.) ನಾನು ಕಟ್ಟಿದೆ. 4,500 ರೂಪಾಯಿ ಹೋಯಿತು. ಅದು ಹಾಳಾಗಲಿ, ಪೇಪರೇ ಹೋಯಿತು!

ಮದ್ದೂರು ಕಡೆಯ ಹಳ್ಳಿಗಳಿಂದ ಗಾರ್ಮೆಂಟ್ಸ್‌ಗೆ ಓಡಾಡುವ ಹೆಣ್ಣುಮಕ್ಕಳ ಬಗ್ಗೆ ಬರೆದಿದ್ದೆ. ಶಿಫ್ಟ್ ಮುಗಿಸಿ ಮನೆಗೆ ಹೊರಟವರ ಜೊತೆ ಬಸ್ಸಿನಲ್ಲಿ ಕೂತು, ನಿಂತು, ಮಾತಾಡಿಸಿ ಸೇರಿಸಿದ ಮಾಹಿತಿ. ರಾತ್ರಿ ಮೇಲ್ ಮಾಡಿದೆ. ಮಾರನೇ ದಿನ ಊಟದ ಹೊತ್ತಿಗೆ ‘ಆಕ್ಸೆಪ್ಟೆಡ್’. ರಿವ್ಯೂ ಎಲ್ಲಿ ಅಂದರೆ ‘ಮೇಡಂ, ನಮ್ ರಿವ್ಯೂವರ್ಸ್ ತುಂಬಾ ಫಾಸ್ಟು’. ಆಮೇಲೆ ಸರ್ಟಿಫಿಕೇಟ್ ಬಂತು. ಚಿನ್ನದ ಬಣ್ಣದ ಅಂಚು, ಕೆಂಪು ಸೀಲು, ದಪ್ಪ ಅಕ್ಷರದಲ್ಲಿ 8.1. ಮೂಲೆಯಲ್ಲಿ ಸಣ್ಣದಾಗಿ ‘ಸಂಪುಟ 1, ಸಂಚಿಕೆ 3’.

ಸಂಪುಟ 1! ಪ್ರಮೋಷನ್ ಅರ್ಜಿ ನೋಡುವ ಸ್ಕ್ರೀನಿಂಗ್ ಕಮಿಟಿಗೆ ಹೊರಗಿನಿಂದ ಬಂದಿದ್ದ ಪ್ರೊಫೆಸರ್ ಬೆರಳಿಟ್ಟಿದ್ದು ಅಲ್ಲಿಗೇ. ‘ಏನಮ್ಮಾ, ವರ್ಷ ತುಂಬದ ಜರ್ನಲ್‌ಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಎಲ್ಲಿಂದ ಬಂತು?’ ಲೆಕ್ಕ ಇಷ್ಟೇ ಅಲ್ವಾ. 2024ರ ಅಂಕಿ ಬೇಕಾದರೆ, 2022 ಮತ್ತು 2023ರಲ್ಲಿ ಬಂದ ಲೇಖನಗಳನ್ನು 2024ರಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅಂತ ಎಣಿಸಿ, ಆ ಎರಡು ವರ್ಷದ ಲೇಖನಗಳ ಸಂಖ್ಯೆಯಿಂದ ಭಾಗಿಸಬೇಕು. ಹಿಂದಿನ ಎರಡು ವರ್ಷವೇ ಇಲ್ಲದಿದ್ದರೆ ಏನನ್ನು ಭಾಗಿಸುತ್ತಾರೆ, ಗಾಳಿಯನ್ನಾ? ಅಸಲಿ ಅಂಕಿ ಬರುವುದು ಕ್ಲ್ಯಾರಿವೇಟ್ ಕಂಪನಿಯವರ ಜರ್ನಲ್ ಸೈಟೇಶನ್ ರಿಪೋರ್ಟ್ಸ್‌ನಲ್ಲಿ. ಇವರದು ಅಲ್ಲಿ ಹೆಸರಿಗೂ ಇಲ್ಲ.

ಅಷ್ಟಕ್ಕೇ ಬಿಡಲಿಲ್ಲ ಆ ಪ್ರೊಫೆಸರ್. ಸಂಶೋಧನಾ ಲೇಖನ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ನನ್ನ ಪುಟ ತೆಗೆದರು. ಎಚ್-ಇಂಡೆಕ್ಸ್, ಅಂದರೆ ನಮ್ಮ ಎಷ್ಟು ಪೇಪರ್‌ಗೆ ಎಷ್ಟು ಉಲ್ಲೇಖ ಸಿಕ್ಕಿದೆ ಅಂತ ಅಳೆಯುವ ಅಂಕಿ, ದಿಢೀರ್ ಅಂತ ಏರಿತ್ತು. ನನ್ನ ಹಳೆಯ ಪೇಪರ್‌ಗಳಿಗೂ ಆ ‘ಫ್ರೀ ಸಪೋರ್ಟ್’ ಸಿಕ್ಕಿತ್ತು, ನನಗೆ ಹೇಳದೆ ಕೇಳದೆ. ಯಾರು ಉಲ್ಲೇಖಿಸಿದ್ದಾರೆ ಅಂತ ಒತ್ತಿದರೆ ಮೊದಲನೆಯದು ಮೀನಿನ ಕೊಳದ ನೀರಿನ ಬಗ್ಗೆ. ಎರಡನೆಯದು ಸಿಮೆಂಟ್ ಇಟ್ಟಿಗೆಯದು. ‘ಹಾರುಬೂದಿ ಬೆರೆಸಿದರೆ ಇಟ್ಟಿಗೆ ಗಟ್ಟಿಯಾಗುತ್ತದೆ’ ಅನ್ನುವ ವಾಕ್ಯದ ಕೊನೆಗೆ ಕಂಸದಲ್ಲಿ ನನ್ನ ಹೆಸರು! ಪ್ರೊಫೆಸರ್ ಅದನ್ನು ಜೋರಾಗಿ ಓದಿದರು. ಪ್ರಿನ್ಸಿಪಾಲರು ನಕ್ಕರು. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಗೂಗಲ್ ಸ್ಕಾಲರ್ ಯಂತ್ರ ತಾನೇ, ಪೇಪರ್ ತರ ಕಾಣುವ ಪಿಡಿಎಫ್ ಸಿಕ್ಕರೆ ಅದರಲ್ಲಿರುವ ಉಲ್ಲೇಖಗಳನ್ನೂ ಎಣಿಸಿಬಿಡುತ್ತದೆ. ಇವರ ದಂಧೆ ನಡೆಯುವುದೇ ಅದರ ಮೇಲೆ.

ಆ ಜರ್ನಲ್‌ನವನಿಗೆ ಫೋನ್ ಮಾಡಿದೆ. ‘ಸೈಟೇಶನ್ ಜಾಸ್ತಿ ಆಗಿದೆ ಅಂತ ಕಂಪ್ಲೇಂಟ್ ಮಾಡ್ತಿರೋರು ನೀವೇ ಫಸ್ಟು ಮೇಡಂ’ ಅಂದ. ಇಟ್ಟಿಗೆಗೂ ನನಗೂ ಏನ್ರೀ ಸಂಬಂಧ ಅಂದರೆ, ‘ಇಂಟರ್‌ಡಿಸಿಪ್ಲಿನರಿ ಮೇಡಂ’. ಇಂಟರ್‌ಡಿಸಿಪ್ಲಿನರಿಯಂತೆ! ಪೇಪರ್ ತೆಗೆದುಬಿಡಿ ಅಂದೆ. ‘ವಿತ್‌ಡ್ರಾವಲ್ ಫೀ 9,000 ಆಗತ್ತೆ.’ ಹಾಕಲು 4,500, ತೆಗೆಯಲು 9,000. ಪೇಪರ್ ಅಲ್ಲಿರುವ ತನಕ ಒಳ್ಳೆಯ ಜರ್ನಲ್ ಯಾವುದಕ್ಕೂ ಕಳಿಸುವ ಹಾಗಿಲ್ಲ, ಒಮ್ಮೆ ಪ್ರಕಟವಾದದ್ದನ್ನು ಅವರು ಮುಟ್ಟುವುದಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತು. ಅದಕ್ಕೇ ಡಬಲ್ ರೇಟು.

ನಮ್ಮ ವಿಷಯಗಳಲ್ಲಿ ಉಲ್ಲೇಖ ಅಂದರೆ ನಿಧಾನ ಕಣ್ರೀ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯಲ್ಲಿ ಉಳಿದು ಮಾಡಿದ ಕೆಲಸವನ್ನು ಇವತ್ತಿಗೂ ಉಲ್ಲೇಖಿಸುತ್ತೇವೆ. ಇಂಪ್ಯಾಕ್ಟ್ ಫ್ಯಾಕ್ಟರ್‌ನ ಎರಡು ವರ್ಷದ ಕಿಟಕಿಯಲ್ಲಿ ಅದೆಲ್ಲ ಕಾಣಿಸುತ್ತಾ? ಕನ್ನಡದಲ್ಲಿ ಬರೆದದ್ದಂತೂ ಸ್ಕೋಪಸ್ ಅನ್ನುವ ಅಂತರರಾಷ್ಟ್ರೀಯ ಲೇಖನ-ಉಲ್ಲೇಖಗಳ ಡೇಟಾಬೇಸ್‌ನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಸಮಾಜಶಾಸ್ತ್ರದಲ್ಲಿ ಜಗತ್ತಿನ ದೊಡ್ಡ ಜರ್ನಲ್‌ಗಳಿಗೇ 8 ದಾಟಿದ ಇಂಪ್ಯಾಕ್ಟ್ ಫ್ಯಾಕ್ಟರ್ ಅಪರೂಪ. ಮೊನ್ನೆ ಹುಟ್ಟಿದ್ದಕ್ಕೆ 8.1 ಅಂತೆ. ಆದರೂ ಫಾರ್ಮಿನಲ್ಲಿ ಅಂಕಿ ಕೇಳುತ್ತಾರೆ, ಅಂಕಿ ಕೇಳುವುದರಿಂದಲೇ ಅಂಕಿ ಮಾರುವವರು ಹುಟ್ಟಿಕೊಳ್ಳುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ತಾನೇ ಒಪ್ಪಿದ ಜರ್ನಲ್‌ಗಳ ಪಟ್ಟಿಯಿಂದ ನಾಲ್ಕು ಸಾವಿರಕ್ಕೂ ಜಾಸ್ತಿ ಜರ್ನಲ್‌ಗಳನ್ನು ಕಿತ್ತುಹಾಕಿತ್ತು. ಆಮೇಲೆ ಒಳ್ಳೆಯ ಜರ್ನಲ್‌ಗಳದ್ದು ಅಂತ ಯುಜಿಸಿಯದೇ ಕೇರ್ ಪಟ್ಟಿ ಬಂತು, 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟರು. ಈಗ ‘ಲಿಸ್ಟೇ ಇಲ್ವಲ್ಲ ಮೇಡಂ, ಎಲ್ಲಾ ನಡೆಯತ್ತೆ’ ಅನ್ನುವುದು ಇವರ ಹೊಸ ರಾಗ.

ಐಎಸ್‌ಎಸ್‌ಎನ್ ಬರೀ ಜರ್ನಲ್‌ನ ಗುರುತಿನ ಸಂಖ್ಯೆ. ಅದಕ್ಕೂ ಗುಣಮಟ್ಟಕ್ಕೂ ಸಂಬಂಧವಿಲ್ಲ, ಮರುಳಾಗಬೇಡಿ. ಸ್ಕೋಪಸ್‌ನಲ್ಲಿ ಇದೆ ಅಂದರೆ ಅವರು ಕಳಿಸಿದ ಲಿಂಕ್ ಒತ್ತಬೇಡಿ, ಸ್ಕೋಪಸ್‌ನ ಸೋರ್ಸ್ ಪಟ್ಟಿಯನ್ನು ನೀವೇ ತೆಗೆದು ನೋಡಿ, ಅದು ಎಲ್ಲರಿಗೂ ಪುಕ್ಕಟೆ. ಸಂಪಾದಕ ಮಂಡಳಿಯಲ್ಲಿ ಇರುವವರಿಗೆ ಅವರ ವಿಶ್ವವಿದ್ಯಾಲಯದ ವಿಳಾಸಕ್ಕೇ ಒಂದು ಮೇಲ್ ಹಾಕಿ. ನಾನು ಹಾಕಿದೆ. ‘ನನ್ನ ಹೆಸರು ಅಲ್ಲಿದೆ ಅಂತ ನನಗೇ ಗೊತ್ತಿಲ್ಲ’ ಅಂತ ಒಬ್ಬರು ಬರೆದರು.

ನಿನ್ನೆ ಅದೇ ನಂಬರಿನಿಂದ ಮತ್ತೆ ಮೆಸೇಜ್. ‘ಮೇಡಂ, ಐಎಸ್‌ಬಿಎನ್ ಸಮೇತ ಬುಕ್ ಚಾಪ್ಟರ್, ಹಳೇ ಕಸ್ಟಮರ್‌ಗೆ ಡಿಸ್ಕೌಂಟ್.’ ಹಳೇ ಕಸ್ಟಮರ್! ಬ್ಲಾಕ್ ಮಾಡಿಲ್ಲ, ಸ್ಕ್ರೀನ್‌ಶಾಟ್ ಬೇಕು. ಸೈಬರ್ ಕ್ರೈಮ್‌ಗೆ ದೂರು ಕೊಡುತ್ತಿದ್ದೇನೆ. ನೀವೂ ಇಂಥ ಕಡೆ ಕಟ್ಟಿದ್ದರೆ ಯುಪಿಐ ರಸೀದಿ ಅಳಿಸಬೇಡಿ, ನನಗೆ ಮೆಸೇಜ್ ಮಾಡಿ. ಒಟ್ಟಿಗೇ ಕೊಡೋಣ.