ಬಣ್ಣದ ಕೋಲಿನ ಡಬ್ಬ ಕೊಳ್ಳಬಹುದಾ? ಕೊಳ್ಳಬಹುದು, ಆದರೆ ಅಡಿಕೆ ಆದಮೇಲೆ

ಒಂದನೇ ತರಗತಿಗೆ ಹೋಗುವ ಮಗಳಿಗೆ ಕೂಡಿಸುವ ಲೆಕ್ಕ ಕಲಿಸಲು ಕ್ವಿಸನೇರ್ ಕೋಲುಗಳ ಡಬ್ಬ ತರಿಸಿದ್ದೆ. ಶಿರಸಿಯಲ್ಲಿ ನಾನು ಕೇಳಿದ ಅಂಗಡಿಗಳಲ್ಲಿ ಇರಲಿಲ್ಲ, ಆನ್‌ಲೈನ್‌ನಲ್ಲಿ ಸಿಕ್ಕಿತು. ಮಳೆಗಾಲ ಪೂರ್ತಿ ಬಳಸಿದ ಮೇಲೆ ಬರೆಯುತ್ತಿದ್ದೇನೆ. ನನಗಂತೂ ತುಂಬಾ ಇಷ್ಟವಾಗಿದೆ.

ಬೆಲ್ಜಿಯಂನ ಶಾಲಾ ಮೇಷ್ಟ್ರು ಜಾರ್ಜ್ ಕ್ವಿಸನೇರ್ ಮಾಡಿದ ಕೋಲುಗಳಿವು. 1 ಸೆಂಟಿಮೀಟರಿನ ಬಿಳಿ ತುಂಡಿನಿಂದ 10 ಸೆಂಟಿಮೀಟರಿನ ಕಿತ್ತಳೆ ಕೋಲಿನವರೆಗೆ ಹತ್ತು ಅಳತೆ, ಹತ್ತು ಬಣ್ಣ. ನಮ್ಮದು 74 ತುಂಡಿನ ಡಬ್ಬ. ಕೋಲಿನ ಮೇಲೆ ಅಂಕಿಯೂ ಇಲ್ಲ, ಗೆರೆಯೂ ಇಲ್ಲ. ಮೊದಲು ಇದೇನು ಕೊರತೆ ಅನ್ನಿಸುತ್ತದೆ, ಆದರೆ ಇದರ ಗುಣ ಇರುವುದೇ ಅಲ್ಲಿ. ಎಣಿಸಲು ಏನೂ ಇಲ್ಲದಿದ್ದಾಗ ಮಗು ಉದ್ದ ನೋಡಿ ಯೋಚನೆ ಮಾಡುತ್ತದೆ. ನಾಲ್ಕರ ನೇರಳೆ ಕೋಲಿಗೆ ಮೂರರ ತಿಳಿಹಸಿರು ಕೋಲನ್ನು ಜೋಡಿಸಿ, ಪಕ್ಕದಲ್ಲಿ ಏಳರ ಕಪ್ಪು ಕೋಲು ಇಟ್ಟರೆ ಎರಡೂ ಸರಿಸಮ. ಹಿಂದು ಮುಂದು ಮಾಡಿದರೂ ಅಷ್ಟೇ.

ಹತ್ತು ದಾಟುವ ಲೆಕ್ಕದಲ್ಲಿ ಇದರ ಉಪಯೋಗ ಇನ್ನೂ ಜಾಸ್ತಿ. 9 ಮತ್ತು 4 ಕೂಡಿಸಬೇಕು ಅಂದುಕೊಳ್ಳಿ. ನೀಲಿ ಮತ್ತು ನೇರಳೆ ಕೋಲು ಸಾಲಾಗಿ ಇಟ್ಟು, ಅದರ ಕೆಳಗೆ ಕಿತ್ತಳೆ ಇಡಿಸಿದೆ. ಕೊನೆಯಲ್ಲಿ ಜಾಗ ಉಳಿಯಿತು. ಅಲ್ಲಿಗೆ ಯಾವ ಕೋಲು ಸರಿಹೋಗುತ್ತದೆ ಎಂದು ಒಂದೊಂದೇ ಇಟ್ಟು ನೋಡಿದಳು. ಕೆಂಪು ಸಾಲಲಿಲ್ಲ. ತಿಳಿಹಸಿರು ಇಟ್ಟು "ಆಯಿ, ಸರಿ ಆತು ನೋಡು!" ಅಂದಳು. ಹತ್ತು ಮತ್ತು ಮೂರು, ಹದಿಮೂರು. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ಆ ವಯಸ್ಸಿಗೆ ತಲೆಗೆ ಹತ್ತುವುದಿಲ್ಲ.

ಆದರೆ ಎಣಿಸುವುದೇ ಇನ್ನೂ ಗಟ್ಟಿಯಾಗದ ಮಗುವಿಗೆ ಈ ಡಬ್ಬ ಕೊಡಬೇಡಿ, ಸುಮ್ನೆ ಬಣ್ಣದ ಆಟವಾಗುತ್ತದೆ. ಮೊದಲು ಬಿಡಿ ವಸ್ತು ಬೇಕು. ನಾವು ಗೆರಸಿಯಲ್ಲಿ ಚಾಲಿ ಅಡಿಕೆ ಹಾಕಿಕೊಂಡು ಮಾಡಿದ್ದೆವು. ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಮೂರು, ಎರಡನ್ನೂ ಸೇರಿಸಿ ಒಂದರಿಂದ ಎಣಿಸುವುದು. ಅದು ಬಂದ ಮೇಲೆ ನಾಲ್ಕು ಅಡಿಕೆಯ ಮೇಲೆ ಬಟ್ಟಲು ಕವುಚಿ ಹಾಕಿ. ಒಳಗೆ ಎಷ್ಟಿದೆ ಅಂತ ಮಗುವಿಗೆ ಗೊತ್ತು, ಕಾಣುವುದಿಲ್ಲ, ಹಾಗಾಗಿ ಐದು, ಆರು, ಏಳು ಅಂತ ಮುಂದಕ್ಕೆ ಎಣಿಸಲೇಬೇಕಾಗುತ್ತದೆ. ಇಷ್ಟಾದರೆ ಕೋಲುಗಳಿಗೆ ತಯಾರು. ಹುಣಸೆ ಬೀಜವೂ ಆಗುತ್ತದೆ, ಕರಾವಳಿಯವರಿಗೆ ಸಮುದ್ರದಂಡೆಯ ಚಿಪ್ಪು ಇದೆ. ಗುಲಗಂಜಿ ಮಾತ್ರ ಬೇಡ. ಚಂದ ಇದೆ ಅಂತ ಬೆಟ್ಟದಿಂದ ಆರಿಸಿ ತರುತ್ತಾರೆ, ಅದರ ಬೀಜ ವಿಷ.

ಕೋಲು ತಂದ ದಿನವೇ ಲೆಕ್ಕ ಶುರು ಮಾಡುವುದೂ ಬೇಡ. ಹಳದಿ ಕೋಲಿನ ಪಕ್ಕ ಬಿಳಿ ತುಂಡುಗಳನ್ನು ಸಾಲಾಗಿ ಇಡಿಸಿ, ಐದು ಹಿಡಿಯುತ್ತದೆ ಅಂತ ಮಗುವೇ ಕಂಡುಕೊಳ್ಳಲಿ. ಮಾಡಿದ ಪ್ರತಿ ಲೆಕ್ಕವನ್ನೂ ಪಕ್ಕದ ಪಾಟಿಯಲ್ಲಿ 4 + 3 = 7 ಅಂತ ಬರೆಸಿ. ಇಲ್ಲದಿದ್ದರೆ ಕೋಲಿನ ಆಟ ಬೇರೆ, ಶಾಲೆಯ ಲೆಕ್ಕ ಬೇರೆ ಅಂತಾಗಿಬಿಡುತ್ತದೆ.

ಬೇಸರದ ವಿಷಯಗಳೂ ಇವೆ. ಜೊತೆಗೆ ಬಂದ ಪುಸ್ತಕ ಪೂರ್ತಿ ಇಂಗ್ಲಿಷ್, ಅದರಲ್ಲೂ ಕೂಡಿಸುವುದನ್ನು ಎರಡೇ ಪುಟದಲ್ಲಿ ಮುಗಿಸಿದ್ದಾರೆ. ಕನ್ನಡ ಶಾಲೆಯ ಮಕ್ಕಳ ಮನೆಗೂ ಇದು ಹೋಗುತ್ತದೆ ಅಲ್ವಾ? ಮರದ ಕೋಲು ನಮ್ಮ ಶಿರಸಿ ಮಳೆಗೆ ತಡೆಯುವುದಿಲ್ಲ. ರಟ್ಟಿನ ಡಬ್ಬದಲ್ಲೇ ಇಟ್ಟಿದ್ದ ಕೆಲವಕ್ಕೆ ಆಷಾಢದಲ್ಲಿ ಬೂಷ್ಟು ಹಿಡಿಯಿತು. ಒರೆಸಿ, ಒಣಗಿಸಿ, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿದ ಮೇಲೆ ತೊಂದರೆ ಇಲ್ಲ. ಘಟ್ಟದ ಕೆಳಗಿನವರು ಪ್ಲಾಸ್ಟಿಕ್‌ನದೇ ತೆಗೆದುಕೊಳ್ಳುವುದು ಒಳ್ಳೆಯದು. ಬಿಳಿ ತುಂಡು ತೀರಾ ಚಿಕ್ಕದು, ಬಾಯಿಗೆ ಹಾಕುವ ಪುಟ್ಟ ಮಕ್ಕಳಿದ್ದರೆ ಎತ್ತಿಡಿ.

ಬಿಳಿ 22 ಇದ್ದರೂ, ಐದರಿಂದ ಮೇಲಿನ ಕೋಲುಗಳು ಒಂದೊಂದು ಬಣ್ಣಕ್ಕೆ ನಾಲ್ಕೇ. ಒಂದು ಮಗುವಿಗೆ ಸಾಕು. ಅಕ್ಕಪಕ್ಕದ ಮಕ್ಕಳೂ ಸೇರುವ ಮನೆಯಾದರೆ, ಅಥವಾ ಶಾಲೆಗೆ ಕೊಡುವುದಾದರೆ, ಒಂದಕ್ಕಿಂತ ಹೆಚ್ಚು ಡಬ್ಬ ತೆಗೆದುಕೊಳ್ಳಿ.