ಹಳೆಯ ಜರ್ಮನ್ ಪದಕಗಳಿಗೆ ಹೊಸದಾಗಿ ನೇಯ್ದ ರಿಬ್ಬನ್: ಹಲವು ವರ್ಷ ಬಳಸಿದ ನಂತರದ ಅಭಿಪ್ರಾಯ

ಜರ್ಮನಿಯ ಹಳೆಯ ಸೇನಾ ಪದಕಗಳನ್ನು ಸಂಗ್ರಹಿಸುವವರಿಗೆ ಪದಕ ಸಿಗುವಷ್ಟು ಸುಲಭವಾಗಿ ಅದರ ರಿಬ್ಬನ್ ಸಿಗುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಐರನ್ ಕ್ರಾಸ್ ಎಂಬ ಸೇನಾ ಪದಕದ ಎರಡನೆಯ ದರ್ಜೆಯನ್ನು 50 ಲಕ್ಷಕ್ಕೂ ಹೆಚ್ಚು ಮಂದಿಗೆ ಕೊಡಲಾಗಿತ್ತು. 1934ರ ಜುಲೈಯಲ್ಲಿ ಆಗಿನ ಜರ್ಮನ್ ಅಧ್ಯಕ್ಷ ಹಿಂಡೆನ್‌ಬರ್ಗ್ ಸ್ಥಾಪಿಸಿದ, ಸಂಗ್ರಹಕಾರರು ಅವರ ಹೆಸರಿನಿಂದಲೇ ಕರೆಯುವ ಮಹಾಯುದ್ಧದ ಗೌರವ ಕ್ರಾಸ್ ಅದಕ್ಕಿಂತಲೂ ಹೆಚ್ಚು ಜನರ ಕೈ ಸೇರಿತು. ಇವುಗಳಲ್ಲಿ ಲೋಹ ಉಳಿದುಕೊಂಡಿದೆ. ಬಟ್ಟೆಯನ್ನು ಮಾತ್ರ ನುಸಿ, ಬಿಸಿಲು, ಬೆವರು ತಿಂದುಹಾಕಿವೆ. ಈ ಕೊರತೆಯನ್ನು ತುಂಬಲೆಂದು ಹಳೆಯ ಮಾದರಿಯಲ್ಲೇ ಹೊಸದಾಗಿ ನೇಯ್ದು ಮಾರುವ ರಿಬ್ಬನ್‌ಗಳನ್ನು ನಾನು ಹಲವು ವರ್ಷಗಳಿಂದ ಬೇರೆ ಬೇರೆ ಮಾರಾಟಗಾರರಿಂದ ತರಿಸಿಕೊಂಡು ಬಳಸುತ್ತಾ ಬಂದಿದ್ದೇನೆ. ರಿಬ್ಬನ್ ಪೂರ್ತಿ ಕಳೆದುಹೋದ ಪದಕಕ್ಕೆ ಇವು ನಿಜಕ್ಕೂ ಉಪಯುಕ್ತ; ಹರಿದಿದ್ದರೂ ಮೂಲ ರಿಬ್ಬನ್ ಇನ್ನೂ ಉಳಿದಿರುವ ಪದಕಕ್ಕೆ ಇವನ್ನು ಹಾಕಲೇಬಾರದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಐರನ್ ಕ್ರಾಸ್‌ನಲ್ಲಿ ರಿಬ್ಬನ್ ಅಲಂಕಾರಕ್ಕಷ್ಟೇ ಇರುವುದಲ್ಲ, ಅದೊಂದು ದಾಖಲೆ. 1813ರ ಮಾರ್ಚ್ 10ರಂದು ಆಗಿನ ಜರ್ಮನ್ ರಾಜ್ಯವಾದ ಪ್ರಷ್ಯದ ದೊರೆ ಮೂರನೆಯ ಫ್ರೆಡರಿಕ್ ವಿಲ್ಹೆಲ್ಮ್ ಈ ಪದಕವನ್ನು ಸ್ಥಾಪಿಸಿದಾಗಿನಿಂದ ರಣರಂಗದಲ್ಲಿ ಹೋರಾಡಿದವರಿಗೆ ಕಪ್ಪು ನೆಲದ ಮೇಲೆ ಅಂಚಿನ ಬಳಿ ಬಿಳಿ ಪಟ್ಟೆಗಳಿದ್ದ ರಿಬ್ಬನ್ ಸಲ್ಲುತ್ತಿತ್ತು. ಹೋರಾಟದಲ್ಲಿ ನೇರವಾಗಿ ಪಾಲ್ಗೊಳ್ಳದೆ ಸೇವೆ ಸಲ್ಲಿಸಿದವರಿಗೆ ಇದೇ ಬಣ್ಣಗಳನ್ನು ಅದಲುಬದಲು ಮಾಡಿದ, ಬಿಳಿ ನೆಲದ ಮೇಲೆ ಕಪ್ಪು ಪಟ್ಟೆಗಳ ರಿಬ್ಬನ್. 1914ರಲ್ಲೂ ಈ ಪದ್ಧತಿಯೇ ಮುಂದುವರಿಯಿತು. ಎರಡಕ್ಕೂ ಕ್ರಾಸ್ ಒಂದೇ ಆದ್ದರಿಂದ, ರಿಬ್ಬನ್ ಇಲ್ಲದ ಕ್ರಾಸ್ ತನ್ನನ್ನು ಪಡೆದವನು ಯಾವ ಬಗೆಯ ಸೇವೆಯಲ್ಲಿದ್ದನೆಂದು ಹೇಳಲಾರದು. ನಾವು ಅದಕ್ಕೆ ಹೊಸ ರಿಬ್ಬನ್ ಕಟ್ಟಿದ ಕ್ಷಣವೇ ಆ ಅಪರಿಚಿತ ಸೈನಿಕನ ಪರವಾಗಿ ಒಂದು ಹೇಳಿಕೆ ಕೊಟ್ಟಂತಾಗುತ್ತದೆ. ಹೆಚ್ಚು ಬಳಕೆಯಲ್ಲಿದ್ದದ್ದು ಕಪ್ಪು ನೆಲದ್ದೇ ಆದ್ದರಿಂದ ನಾನು ಅದನ್ನೇ ಆರಿಸುತ್ತೇನೆ, ಆದರೆ ಜೊತೆಗಿಡುವ ಚೀಟಿಯಲ್ಲಿ ‘ರಿಬ್ಬನ್ ಹೊಸದು’ ಎಂದು ತಪ್ಪದೆ ಬರೆಯುತ್ತೇನೆ. ಹಿಂಡೆನ್‌ಬರ್ಗ್ ಕ್ರಾಸ್‌ನಲ್ಲಿ ಈ ತೊಡಕಿಲ್ಲ. ಅಲ್ಲಿ ಕತ್ತಿಗಳಿದ್ದರೆ ಹೋರಾಡಿದವರದು, ಇಲ್ಲದಿದ್ದರೆ ಇತರರದು ಎಂದು ಲೋಹವೇ ಹೇಳಿಬಿಡುತ್ತದೆ.

ಇನ್ನು ಗುಣಮಟ್ಟದ ವಿಚಾರ. ಹೊಸ ರಿಬ್ಬನ್‌ಗಳ ಸೋಲುಗೆಲುವು ನಿರ್ಧಾರವಾಗುವುದು ನೇಯ್ಗೆಯಲ್ಲಿ. ಹಳೆಯ ಪ್ರಷ್ಯನ್ ರಿಬ್ಬನ್ನನ್ನು ಭೂತಗನ್ನಡಿಯಲ್ಲಿ ನೋಡಿದರೆ, ಸಣ್ಣ ಎಳೆಯ ಹಾಸು ದಪ್ಪ ಹೊಕ್ಕನ್ನು ಪೂರ್ತಿ ಮುಚ್ಚಿಕೊಂಡು, ಅಡ್ಡಡ್ಡಲಾಗಿ ಉಬ್ಬಿದ ಗೆರೆಗಳು ಒತ್ತೊತ್ತಾಗಿ ಕಾಣುತ್ತವೆ. ನನಗೆ ಬಂದ ಒಳ್ಳೆಯ ರಿಬ್ಬನ್‌ಗಳಲ್ಲಿ ಈ ಉಬ್ಬು ಬೆರಳಿಗೂ ತಗಲುತ್ತದೆ, ಅಂಚು ನೆಟ್ಟಗಿದೆ, ಮಡಿಸಿದಾಗ ಮಡಿಕೆ ನಿಲ್ಲುತ್ತದೆ. ಅಗ್ಗದವುಗಳಲ್ಲಿ ನೇಯ್ಗೆ ಚಪ್ಪಟೆಯಾಗಿದ್ದು, ಉಡುಗೊರೆ ಪೊಟ್ಟಣಕ್ಕೆ ಸುತ್ತುವ ಪಟ್ಟಿಯಂತೆ ಮಿನುಗುತ್ತದೆ. ಅವು ಬಹುಮಟ್ಟಿಗೆ ಪಾಲಿಯೆಸ್ಟರ್. ಅನುಮಾನ ಬಂದರೆ ಕತ್ತರಿಸಿ ಉಳಿದ ತುದಿಯಿಂದ ಒಂದೆಳೆ ತೆಗೆದು ಎಚ್ಚರದಿಂದ ಸುಟ್ಟು ನೋಡಬಹುದು: ಹತ್ತಿ ಕಾಗದ ಸುಟ್ಟ ವಾಸನೆ ಕೊಡುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಬಣ್ಣಗಳಲ್ಲಿ ಕಪ್ಪಿನ ಬಗ್ಗೆ ದೂರಿಲ್ಲ. ಬಿಳಿಯೇ ಕಷ್ಟ. ಹಳೆಯ ಬಿಳಿ ಕೆನೆಯತ್ತ ವಾಲಿರುತ್ತದೆ, ಹೊಸದು ನೀಲಿಯತ್ತ ವಾಲುತ್ತದೆ. ಬಟ್ಟೆಯನ್ನು ಬೆಳ್ಳಗೆ ತೋರಿಸುವ ಹೊಳಪುಕಾರಕ ರಾಸಾಯನಿಕಗಳು ಎರಡನೆಯ ಮಹಾಯುದ್ಧದ ನಂತರವೇ ವ್ಯಾಪಕವಾಗಿ ಬಳಕೆಗೆ ಬಂದದ್ದರಿಂದ, ಅತಿನೇರಳೆ ಟಾರ್ಚಿನ ಕೆಳಗೆ ಅವನ್ನು ಬಳಸಿದ ಹೊಸ ರಿಬ್ಬನ್ ಮಾತ್ರ ಥಳಥಳನೆ ನೀಲಿಯಾಗಿ ಹೊಳೆಯುತ್ತದೆ. ಆದರೂ ಈ ಪರೀಕ್ಷೆಯೊಂದನ್ನೇ ನಂಬಿ ತೀರ್ಪು ಕೊಡಬಾರದು. ಹಳೆಯ ರಿಬ್ಬನ್ನನ್ನು ಯಾರಾದರೂ ಈಗಿನ ಡಿಟರ್ಜೆಂಟಿನಲ್ಲಿ ತೊಳೆದಿದ್ದರೆ ಅದೂ ಹೊಳೆಯುತ್ತದೆ, ಹೊಳಪುಕಾರಕವಿಲ್ಲದ ಹೊಸ ನೂಲು ಹೊಳೆಯದೆಯೂ ಇರಬಹುದು. ಚಕ್ರವರ್ತಿ ಒಂದನೆಯ ವಿಲ್ಹೆಲ್ಮ್ ಹುಟ್ಟಿ ನೂರು ವರ್ಷವಾದಾಗ ಕೊಟ್ಟ 1897ರ ಶತಮಾನೋತ್ಸವ ಪದಕದ ರಿಬ್ಬನ್ನಿನ ಹಳದಿ ನನಗೆ ತೃಪ್ತಿ ಕೊಟ್ಟಿದೆ. ಜರ್ಮನಿಯ ಬವೇರಿಯಾ ರಾಜ್ಯದ ಪದಕಗಳ ನೀಲಿ ಮಾತ್ರ ಒಂದು ಕಡೆಯಿಂದ ಬಂದದ್ದು ಇನ್ನೊಂದು ಕಡೆಯದಕ್ಕೆ ಹೊಂದಿದ್ದೇ ಇಲ್ಲ.

ಒಬ್ಬ ಮಾರಾಟಗಾರರಿಂದ ಎರಡು ಬಗೆಯ ತೊಂದರೆಯಾಯಿತು. 1914ರ ಐರನ್ ಕ್ರಾಸ್‌ಗೆ ರಿಬ್ಬನ್ ಕೇಳಿದರೆ ಅವರು ಕಳುಹಿಸಿದ್ದು ನಡುವೆ ಅಗಲವಾದ ಕೆಂಪು, ಅದರ ಇಕ್ಕೆಲಗಳಲ್ಲಿ ಬಿಳಿ ಮತ್ತು ಕಪ್ಪು ಇರುವ, 1939ರ ಐರನ್ ಕ್ರಾಸ್‌ನ ರಿಬ್ಬನ್. ಬದಲಿಸಿ ಕೊಟ್ಟರು, ಸರಿ. ಅದಕ್ಕಿಂತ ನನ್ನನ್ನು ನೋಯಿಸಿದ್ದು ಅವರು ‘ಹಳೆಯದಂತೆ ಕಾಣುವ’ ರಿಬ್ಬನ್ ಎಂದು ಮಾರುವ, ಚಹಾದ ನೀರಿನಲ್ಲಿ ನೆನೆಸಿದ ಸರಕು. ನಿಜವಾಗಿ ಹಳೆಯದಾದ ರಿಬ್ಬನ್ನಿನ ಮಡಿಕೆ ಬಿಡಿಸಿದರೆ, ಬೆಳಕು ತಾಗದ ಒಳಭಾಗದಲ್ಲಿ ಮೂಲ ಬಣ್ಣ ಗಾಢವಾಗಿ ಉಳಿದಿರುತ್ತದೆ, ಉಂಗುರ ಉಜ್ಜಿದ ಕಡೆ ಎಳೆ ಸವೆದಿರುತ್ತದೆ. ಚಹಾದಲ್ಲಿ ಅದ್ದಿದ್ದು ಒಳಗೂ ಹೊರಗೂ ಒಂದೇ ಸಮನಾಗಿ ಕಂದು. ಇಂಥ ಸರಕು ನಾಳೆ ಇನ್ನೊಬ್ಬ ಸಂಗ್ರಹಕಾರನನ್ನು ಮೋಸಗೊಳಿಸುತ್ತದೆ. ಇದನ್ನು ಯಾರೂ ಕೊಳ್ಳಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಬಾಳಿಕೆಯ ಬಗ್ಗೆ ಹೇಳುವುದಾದರೆ, ಹತ್ತಿ ಮತ್ತು ರೇಯಾನ್ ಬೆರೆತ ರಿಬ್ಬನ್‌ಗಳು ನಮ್ಮ ಮಳೆಗಾಲವನ್ನು ಚೆನ್ನಾಗಿಯೇ ತಾಳಿಕೊಂಡಿವೆ, ಆದರೆ ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುವುದರಿಂದ ತೊಳೆಯಲು ಹೋಗಬಾರದು. ಕಟ್ಟುವ ಮೊದಲು ಒದ್ದೆ ಮಾಡಿದ ಬಿಳಿ ಹತ್ತಿಯನ್ನು ಕಪ್ಪು ಪಟ್ಟೆಯ ಮೇಲೆ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ನೋಡುವುದು ಒಳ್ಳೆಯದು. ಐರನ್ ಕ್ರಾಸ್‌ನ ಬೆಳ್ಳಿಯ ಚೌಕಟ್ಟಿನೊಳಗಿನ ತಿರುಳು ಕಬ್ಬಿಣದ್ದಾದ್ದರಿಂದ ತೇವದಲ್ಲಿ ತುಕ್ಕು ಹಿಡಿಯುತ್ತದೆ, ಆ ತುಕ್ಕಿನ ಕಲೆ ರಿಬ್ಬನ್ನಿಗೂ ಇಳಿಯುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲೇಬೇಕು.

ತಗಡಿನ ಪಟ್ಟಿಯ ಮೇಲೆ ಸಾಲಾಗಿ ಹೊಲಿದ ಪದಕಗಳ ಗುಚ್ಛ ನಿಮ್ಮಲ್ಲಿದ್ದರೆ, ಒಂದು ರಿಬ್ಬನ್ ನುಸಿ ತಿಂದಿದ್ದರೂ ಹೊಲಿಗೆ ಬಿಚ್ಚಬೇಡಿ, ಏಕೆಂದರೆ ಆ ಹೊಲಿಗೆಯೇ ಪದಕಗಳು ಒಬ್ಬನವೇ ಎಂಬುದಕ್ಕೆ ಸಾಕ್ಷಿ. ಹರಿದ ಜಾಗದ ಮೇಲೆ ಅದೇ ಬಣ್ಣದ ತೆಳು ಬಲೆಬಟ್ಟೆ ಹೊದಿಸಿದರೆ ಸಾಕು. ಹೊಸ ರಿಬ್ಬನ್ ತರಿಸುವವರು ಅಗಲವನ್ನು ಮಿಲಿಮೀಟರಿನಲ್ಲಿ ಬರೆದು ಕೇಳಿ. ಐರನ್ ಕ್ರಾಸ್‌ಗೆ ಸಾಮಾನ್ಯವಾಗಿ 30 ಮಿ.ಮೀ. ಸರಿಹೊಂದುತ್ತದೆ. ಮುಂದಿನ ಪದಕಗಳಿಗೂ ಬೇಕಾಗುವುದಿದ್ದರೆ ಒಂದೇ ಸುರುಳಿಯಿಂದ ಕತ್ತರಿಸಿದ ಒಂದು ಮೀಟರನ್ನು ಒಟ್ಟಿಗೇ ತರಿಸಿಕೊಳ್ಳಿ, ಮತ್ತೊಮ್ಮೆ ತರಿಸಿದಾಗ ಅದೇ ಬಿಳಿ ಸಿಗುವ ಭರವಸೆಯನ್ನು ಯಾವ ಮಾರಾಟಗಾರರೂ ನನಗೆ ಕೊಟ್ಟಿಲ್ಲ.